ಅಂಕಿತವೂ ಸ್ವತ್ವವೂ: ಉಚ್ಚಂಗಿ ಸೀಮೆಯ ನಿದರ್ಶನಗಳಿಂದ ಒಂದು ವಿಚಾರ

೧

ಒಬ್ಬನ ಬುದ್ಧಿಯಿಂದಲೂ ಕೈಚಳಕದಿಂದಲೂ ಹುಟ್ಟಿದ ವಸ್ತುವನ್ನು ಮತ್ತೊಬ್ಬನು ಅಪಹರಿಸುವುದು ಅಪರಾಧವೆಂಬ ಭಾವನೆಯು ಇಂಗ್ಲಿಷರ ಕಾಯಿದೆಗಳೊಡನೆ ನಮ್ಮ ದೇಶಕ್ಕೆ ಬಂದಿತೆಂದೂ, ಅದಕ್ಕೆ ಮೊದಲು ನಮ್ಮ ಕವಿಗಳಾಗಲಿ ಕುಶಲಕರ್ಮಿಗಳಾಗಲಿ ತಮ್ಮ ಕೃತಿಯ ಮೇಲೆ ಯಾವ ಅಧಿಕಾರವನ್ನೂ ಬಯಸುತ್ತಿರಲಿಲ್ಲವೆಂದೂ ಹೇಳುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಮಿಕ್ಕ ಅರ್ಧವು ಅಸತ್ಯವಾಗಿರುವುದರಿಂದ ಇಂದಿನ ವ್ಯವಹಾರಕ್ಕೆ ಹಾನಿಯಾಗುತ್ತಿದೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಮುಂತಾದ ಸಾಮಾಜಿಕ ಜಾಲಗಳಲ್ಲಿ ನಡೆಯುವ ಕ್ರಯವಿಕ್ರಯದಲ್ಲಿ ಹಾಡು, ಚಿತ್ರ, ಕಸೂತಿ, ಊರಿನ ಹೆಸರು ಇವೆಲ್ಲವೂ ಕರ್ತೃವಿನಿಂದ ಬೇರ್ಪಟ್ಟು ಕೈಯಿಂದ ಕೈಗೆ ಹೋಗುತ್ತಿರುವಾಗ, “ನಮ್ಮಲ್ಲಿ ಇದಕ್ಕೆ ತಡೆಯೇ ಇರಲಿಲ್ಲ” ಎಂಬ ಮಾತು ಅಪಹಾರಕರಿಗೆ ಒಂದು ಸಮಾಧಾನವಾಗಿ ಪರಿಣಮಿಸಿದೆ.

ಪ್ರಕೃತ ಲೇಖನದಲ್ಲಿ ಉಚ್ಚಂಗಿದುರ್ಗವನ್ನು ಕೇಂದ್ರವಾಗಿಟ್ಟುಕೊಂಡು, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಸೀಮೆಯಲ್ಲಿಯೂ ಅದನ್ನಾಳಿದ ಕಲ್ಯಾಣದ ಆಸ್ಥಾನದಲ್ಲಿಯೂ ದೊರೆಯುವ ಸಾಧನಗಳಿಂದ ಈ ವಿಷಯವನ್ನು ವಿಚಾರಮಾಡಲಾಗಿದೆ. ನಮ್ಮ ಪ್ರತಿಪಾದನೆ ಇಷ್ಟು: ಪೂರ್ವಿಕರು ಕೃತಿಯನ್ನು ಆಸ್ತಿಯೆಂದು ಎಣಿಸಲಿಲ್ಲ, ಆದರೆ ಕರ್ತೃತ್ವವನ್ನು ಬಹು ಎಚ್ಚರದಿಂದ ಕಾಪಾಡಿದರು. ಆ ರಕ್ಷಣೆಗೆ ಎರಡು ಅಂಗಗಳಿದ್ದವು. ಕೃತಿಯ ಒಡಲಿನಲ್ಲಿಯೇ ಹೆಣೆದ ಗುರುತು ಒಂದು. ಆ ಗುರುತನ್ನು ಓದಬಲ್ಲ ಸಮಾಜ ಮತ್ತೊಂದು. ಇಂದಿನ ಜಾಲದ ಪೇಟೆಯು ಇವೆರಡನ್ನೂ ಒಟ್ಟಿಗೆ ಸಡಿಲಿಸಿರುವುದೇ ಈಗಿನ ಸಂಕಟಕ್ಕೆ ಮೂಲ.

೨

ಉಚ್ಚಂಗಿಯು ಬಹು ಪ್ರಾಚೀನವಾದ ಸ್ಥಳ. ಕದಂಬರ ತಾಮ್ರಶಾಸನಗಳಲ್ಲಿ ಇದು ಉಚ್ಚಶೃಂಗಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ಈ ದುರ್ಗವನ್ನು ಹಿಡಿದುದನ್ನು ಶ್ರವಣಬೆಳಗೊಳದ ಶಾಸನವು ಹೊಗಳುತ್ತದೆ. ಅನಂತರ ಪಾಂಡ್ಯವಂಶದ ಮಾಂಡಲಿಕರು ಕಲ್ಯಾಣದ ಚಾಳುಕ್ಯರಿಗೆ ಅಧೀನರಾಗಿ ಇಲ್ಲಿಂದ ನೊಳಂಬವಾಡಿ ಮೂವತ್ತಿರ್ಚ್ಛಾಸಿರವನ್ನು ಆಳಿದರು. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಬಿರುದಾದ ತ್ರಿಭುವನಮಲ್ಲ ಎಂಬುದನ್ನು ತನ್ನ ಹೆಸರಿನಲ್ಲಿ ಧರಿಸಿದ ತ್ರಿಭುವನಮಲ್ಲ ಪಾಂಡ್ಯನು ಈ ವಂಶದವನೇ. ಹೂವಿನ ಹಡಗಲಿಯ ಕೇಶವ ದೇವಾಲಯವು ಇದೇ ವಿಕ್ರಮಾದಿತ್ಯನ ಆಳಿಕೆಯಲ್ಲಿ, ೧೦೯೦ರಲ್ಲಿ, ನಿರ್ಮಿತವಾಯಿತು.

ಈ ರಾಜಕೀಯ ಸಂಬಂಧವನ್ನು ಇಲ್ಲಿ ಸ್ಮರಿಸಲು ಕಾರಣವುಂಟು. ಉಚ್ಚಂಗಿಯು ಯಾವ ಕಲ್ಯಾಣಕ್ಕೆ ಕಪ್ಪವನ್ನೊಪ್ಪಿಸುತ್ತಿತ್ತೋ ಅದೇ ಕಲ್ಯಾಣದಲ್ಲಿ, ಅದೇ ದೊರೆಯ ಆಶ್ರಯದಲ್ಲಿ, ನಮ್ಮ ವಿಷಯಕ್ಕೆ ಮುಖ್ಯ ಸಾಕ್ಷಿಗಳಾದ ಇಬ್ಬರು ಗ್ರಂಥಕರ್ತರಿದ್ದರು. ಒಬ್ಬನು ವಿಕ್ರಮಾಂಕದೇವಚರಿತದ ಕರ್ತೃವಾದ ಕಾಶ್ಮೀರದ ಬಿಲ್ಹಣ. ಮತ್ತೊಬ್ಬನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರ. ಮೊದಲನೆಯವನು ಕಾವ್ಯದ ಕಳವನ್ನು ಕುರಿತು ಬರೆದನು. ಎರಡನೆಯವನು ಪೇಟೆಯ ಕಳವನ್ನು ಕುರಿತು ಬರೆದನು. ಇವೆರಡೂ ಒಂದೇ ಸಮಸ್ಯೆಯ ಎರಡು ಮುಖಗಳೆಂಬುದನ್ನು ಮುಂದೆ ತೋರಿಸುವೆವು.

೩

ಕಾವ್ಯಚೌರ್ಯದ ವಿಚಾರವು ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದ ಆರಂಭದಲ್ಲಿ, ವರ್ಣಗಳನ್ನು ಬದಲಾಯಿಸಿ ಬಂಧದ ಗುರುತನ್ನು ಮರೆಸಿಕೊಂಡ ಕವಿಯನ್ನು ಕಳ್ಳನೆಂದು ಸಜ್ಜನರು ಪತ್ತೆಹಚ್ಚುವರೆಂದು ಹೇಳುತ್ತಾನೆ. ಇಲ್ಲಿ ಶ್ಲೇಷೆಯಿದೆ. ವರ್ಣವೆಂದರೆ ಅಕ್ಷರವೂ ಹೌದು, ಮೈಬಣ್ಣವೂ ಹೌದು. ಬಂಧವೆಂದರೆ ಪದರಚನೆಯೂ ಹೌದು, ಸೆರೆಯ ಸಂಕೋಲೆಯೂ ಹೌದು. ಕಳ್ಳನು ಕಾಲಿನ ಬೇಡಿಯ ಗಾಯವನ್ನು ಮುಚ್ಚಿಕೊಳ್ಳುವಂತೆ ಕವಿಚೋರನು ರಚನೆಯ ಗುರುತನ್ನು ಮುಚ್ಚಿಕೊಳ್ಳುತ್ತಾನೆ. ಕೃತಿಗೆ ಗುರುತೊಂದುಂಟು, ಅದನ್ನು ಅಳಿಸುವುದೇ ಕಳವಿನ ಮೊದಲ ಕೆಲಸ ಎಂಬ ತತ್ತ್ವವು ಇದರಲ್ಲಿ ಅಡಗಿದೆ.

ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಒಬ್ಬ ಕವಿಯ ಅರ್ಥವು ಇನ್ನೊಬ್ಬನದನ್ನು ಹೋಲುವ ಬಗೆಗಳನ್ನು ಮೂರಾಗಿ ವಿಂಗಡಿಸುತ್ತಾನೆ: ಕನ್ನಡಿಯ ಪ್ರತಿಬಿಂಬದಂತೆ, ಚಿತ್ರದಲ್ಲಿ ಬರೆದಂತೆ, ಸಮಾನವಾದ ಮೈಕಟ್ಟುಳ್ಳ ಬೇರೊಬ್ಬನಂತೆ. ಮೊದಲ ಎರಡು ತ್ಯಾಜ್ಯವೆಂದೂ ಮೂರನೆಯದು ಗ್ರಾಹ್ಯವೆಂದೂ ಅವನ ತೀರ್ಪು. ಹೋಲಿಕೆಯೆಲ್ಲವೂ ಕಳವಲ್ಲ, ಬೇರೆ ಜೀವವಿದ್ದರೆ ಬೇರೆ ಕೃತಿ ಎಂಬ ಈ ವಿವೇಕವನ್ನು ಇಂದಿನ ನ್ಯಾಯಾಲಯಗಳೂ ಬೇರೆ ಮಾತುಗಳಲ್ಲಿ ಹೇಳುತ್ತಿರುವುವು.

ರಾಜಶೇಖರನು ಕಾವ್ಯಮೀಮಾಂಸೆಯ ಮೂರು ಅಧ್ಯಾಯಗಳನ್ನೇ ಹರಣದ ವಿಚಾರಕ್ಕೆ ಮೀಸಲಿಟ್ಟನು. ಕಳ್ಳರಲ್ಲದ ಕವಿಗಳಿಲ್ಲ, ಕಳ್ಳರಲ್ಲದ ವರ್ತಕರೂ ಇಲ್ಲ, ಮರೆಮಾಚಲು ಬಲ್ಲವನು ನಿಂದೆಯಿಲ್ಲದೆ ಬಾಳುವನು ಎಂದು ಅವನು ಕವಿಯನ್ನೂ ವರ್ತಕನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಇತರ ಕಳವುಗಳು ಕಾಲ ಕಳೆದಂತೆ ಸವೆದುಹೋಗುವುವೆಂದೂ ಮಾತಿನ ಕಳವು ಮಾತ್ರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಸವೆಯದೆಂದೂ ಅಲ್ಲಿಯೇ ಹೇಳಿದೆ. ಇದಕ್ಕಿಂತ ಸ್ವಾರಸ್ಯವಾದುದು ಅವನ ಮಡದಿ ಅವಂತಿಸುಂದರಿಯ ಮತ. ಹರಣ ಮಾಡುವವನು ಯಾವ ಯಾವ ಕಾರಣಗಳನ್ನು ಹೇಳಿಕೊಂಡು ನೆಮ್ಮದಿಯಿಂದಿರಬಹುದೆಂಬುದನ್ನು ಆಕೆ ಎಣಿಸಿ ಕೊಡುತ್ತಾಳೆ: ಅವನು ಅಪ್ರಸಿದ್ಧ, ನಾನು ಪ್ರಸಿದ್ಧ, ಅವನಿಗೆ ನೆಲೆಯಿಲ್ಲ, ನನಗಿದೆ, ಅವನ ಭಾಷೆಗೆ ಮನ್ನಣೆಯಿಲ್ಲ, ಇದನ್ನು ಬಲ್ಲವರು ಯಾರೂ ಉಳಿದಿಲ್ಲ, ಇದರ ಕರ್ತೃವು ದೂರದೇಶದಲ್ಲಿದ್ದಾನೆ. ಒಂದು ಸಾವಿರ ವರ್ಷಗಳ ಹಿಂದಿನ ಈ ಪಟ್ಟಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುವೆವು. ತಾಂಡಾದ ಹೆಣ್ಣುಮಗಳ ಕಸೂತಿಯನ್ನು ನಗರದ ಮಾರಾಟಗಾರನು ನಕಲು ಮಾಡುವಾಗ ಹೇಳಿಕೊಳ್ಳಬಹುದಾದ ಕಾರಣಗಳು ಇವೇ ಆಗಿರುವುವು.

ಇನ್ನು ಬಿಲ್ಹಣನು. ಸಾಹಿತ್ಯಸಮುದ್ರವನ್ನು ಕಡೆದಾಗ ಹುಟ್ಟಿದ ಕಾವ್ಯಾಮೃತವನ್ನು ಕಾಪಾಡಿಕೊಳ್ಳಿರೆಂದು ಕವಿಗಳಿಗೆ ಅವನು ಮೊದಲು ಎಚ್ಚರಿಕೆ ಕೊಡುತ್ತಾನೆ. ಒಡನೆಯೇ, ಬೇಕಾದವರು ಬೇಕಾದಷ್ಟು ಕದ್ದುಕೊಳ್ಳಲಿ, ದೇವತೆಗಳು ರತ್ನಗಳನ್ನು ಒಯ್ದರೂ ಕಡಲು ಇಂದಿಗೂ ರತ್ನಾಕರವೇ ಎಂದು ಹೆಮ್ಮೆಪಡುತ್ತಾನೆ. ಈ ಉಪೇಕ್ಷೆಯು ವಿದ್ಯಾಪತಿಯೆಂಬ ಪದವಿಯನ್ನು ಪಡೆದ ಆಸ್ಥಾನಕವಿಗೆ ಒಪ್ಪಬಹುದು. ಅವನ ಅನ್ನವು ಕೃತಿಯ ಪ್ರತಿಗಳಿಂದ ಬರುತ್ತಿರಲಿಲ್ಲ, ಅರಸನಿಂದ ಬರುತ್ತಿತ್ತು. ಕೃತಿಯನ್ನೇ ಮಾರಿ ಬದುಕುವವರಿಗೆ ಈ ಔದಾರ್ಯವು ಸಾಧ್ಯವಲ್ಲ. ಕಡಲಿಗೆ ಒಪ್ಪುವ ಮಾತು ಕೊಡಕ್ಕೆ ಒಪ್ಪುವುದಿಲ್ಲ.

೪

ಪೇಟೆಯಲ್ಲಿ ಮಾರಿ ಬದುಕುವವರ ವಿಷಯವನ್ನು ಧರ್ಮಶಾಸ್ತ್ರವು ಉಪೇಕ್ಷಿಸಲಿಲ್ಲ. ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯದಲ್ಲಿ ಸುಳ್ಳು ತಕ್ಕಡಿ, ಸುಳ್ಳು ಶಾಸನ, ಸುಳ್ಳು ಅಳತೆ, ಸುಳ್ಳು ನಾಣ್ಯಗಳನ್ನು ಮಾಡುವವನಿಗೆ ಉತ್ತಮಸಾಹಸವೆಂಬ ದಂಡವನ್ನು ವಿಧಿಸಿದೆ. ಔಷಧ, ಎಣ್ಣೆ, ಉಪ್ಪು, ಸುಗಂಧ, ಧಾನ್ಯ, ಬೆಲ್ಲ ಮುಂತಾದುವಲ್ಲಿ ಹೀನವಸ್ತುವನ್ನು ಬೆರೆಸಿದರೆ ೧೬ ಪಣ ದಂಡ. ಇದಾದಮೇಲೆ ಬೇರೊಂದು ಅಪರಾಧವನ್ನು ಪ್ರತ್ಯೇಕವಾಗಿ ಹೇಳಿದೆ: ಮಣ್ಣು, ತೊಗಲು, ಮಣಿ, ನೂಲು, ಕಬ್ಬಿಣ, ಮರ, ನಾರು, ಬಟ್ಟೆ ಇವುಗಳಲ್ಲಿ ಶ್ರೇಷ್ಠಜಾತಿಯದಲ್ಲದ್ದನ್ನು ಶ್ರೇಷ್ಠಜಾತಿಯದೆಂದು ತೋರಿಸಿ ಮಾರಿದರೆ, ಮಾರಿದ ವಸ್ತುವಿನ ಎಂಟರಷ್ಟು ದಂಡ.

ವಿಜ್ಞಾನೇಶ್ವರನು ಇದಕ್ಕೆ ಕೊಡುವ ಉದಾಹರಣೆಗಳು ಆ ಕಾಲದ ಪೇಟೆಯನ್ನೇ ಕಣ್ಣೆದುರಿಗೆ ತರುವುವು. ಬೆಕ್ಕಿನ ತೊಗಲಿಗೆ ಬಣ್ಣವೇರಿಸಿ ಹುಲಿಯ ತೊಗಲೆನ್ನುವುದು, ಸ್ಫಟಿಕಕ್ಕೆ ಬಣ್ಣ ಕಟ್ಟಿ ಪದ್ಮರಾಗವೆನ್ನುವುದು, ಬಿಲ್ವದ ಮರಕ್ಕೆ ಗಂಧದ ಪರಿಮಳವನ್ನು ಹತ್ತಿಸಿ ಶ್ರೀಗಂಧವೆನ್ನುವುದು, ಹತ್ತಿಯ ಬಟ್ಟೆಗೆ ನುಣುಪು ಕೊಟ್ಟು ರೇಷ್ಮೆಯೆನ್ನುವುದು. ಮಣ್ಣಿಗೆ ಮಲ್ಲಿಗೆಯ ಕಂಪನ್ನು ಹತ್ತಿಸಿ ಸುಗಂಧದ ನೆಲ್ಲಿಯೆಂದು ಮಾರುವುದನ್ನೂ ಅವನು ಹೇಳಿರುವನು. ಮಲ್ಲಿಗೆಯ ನಾಡಾದ ಹಡಗಲಿಯು ಆ ದೊರೆಯ ರಾಜ್ಯದಲ್ಲಿಯೇ ಇದ್ದುದನ್ನು ನೆನೆದರೆ ಈ ಉದಾಹರಣೆಯು ವಾಚಕರಿಗೆ ಇನ್ನಷ್ಟು ಹತ್ತಿರವಾಗುವುದು.

ಈಗ ಎರಡು ಬಗೆಯ ಕಳವನ್ನು ಸ್ಪಷ್ಟವಾಗಿ ವಿಂಗಡಿಸಬಹುದು. ಬಾಣ ಬಿಲ್ಹಣರು ಹೇಳುವುದು ಪರರ ವಸ್ತುವಿಗೆ ತನ್ನ ಹೆಸರನ್ನು ಹಚ್ಚುವುದು. ವಿಜ್ಞಾನೇಶ್ವರನು ಹೇಳುವುದು ತನ್ನ ವಸ್ತುವಿಗೆ ಪರರ ಹೆಸರನ್ನು ಹಚ್ಚುವುದು. ಮೊದಲನೆಯದರಲ್ಲಿ ಕೃತಿ ಹೋಗುತ್ತದೆ. ಎರಡನೆಯದರಲ್ಲಿ ಕೀರ್ತಿ ಹೋಗುತ್ತದೆ. ಇಂದಿನ ನ್ಯಾಯಶಾಸ್ತ್ರದಲ್ಲಿ ಗ್ರಂಥಸ್ವಾಮ್ಯದ ಕಾಯಿದೆಯು ಮೊದಲನೆಯದನ್ನೂ, ವ್ಯಾಪಾರಮುದ್ರೆ ಮತ್ತು ಭೌಗೋಳಿಕ ಸೂಚಕಗಳ ಕಾಯಿದೆಗಳು ಎರಡನೆಯದನ್ನೂ ತಡೆಯಲು ಹುಟ್ಟಿರುವುವು.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಕಾವ್ಯವನ್ನು ಆಸ್ತಿಯೆಂದು ಮಿತಾಕ್ಷರೆ ಎಲ್ಲಿ ಹೇಳಿದೆ? ಹೇಳಿಲ್ಲ; ಅದು ಸರಿಯೇ. ದಾಯವಿಭಾಗದಲ್ಲಿ ವಿದ್ಯೆಯಿಂದ ಗಳಿಸಿದ ಧನವನ್ನು, ಪಿತೃದ್ರವ್ಯಕ್ಕೆ ನಷ್ಟವಿಲ್ಲದೆ ಗಳಿಸಿದ್ದರೆ, ಗಳಿಸಿದವನದೇ ಎಂದು ಹೇಳಿದೆ. ವಿದ್ಯೆಯನ್ನಾಗಲಿ ಕೃತಿಯನ್ನಾಗಲಿ ಸ್ವತ್ತೆಂದು ಎಣಿಸಿಲ್ಲ. ಆದರೆ ಅದೇ ಪ್ರಕರಣದಲ್ಲಿ ವಿಜ್ಞಾನೇಶ್ವರನು ದೀರ್ಘವಾದ ಚರ್ಚೆಯನ್ನು ನಡೆಸಿ, ಸ್ವತ್ವವು ಶಾಸ್ತ್ರದಿಂದ ಮಾತ್ರವೇ ತಿಳಿಯತಕ್ಕದ್ದಲ್ಲ, ಲೋಕವ್ಯವಹಾರದಿಂದಲೇ ಸಿದ್ಧವಾದದ್ದು ಎಂದು ನಿರ್ಣಯಿಸಿದ್ದಾನೆ. ಲೋಕವ್ಯವಹಾರವು ಬೆಳೆದಂತೆ ಸ್ವತ್ವದ ಬಗೆಗಳೂ ಬೆಳೆಯಬಹುದೆಂಬುದಕ್ಕೆ ಈ ನಿರ್ಣಯದಲ್ಲಿ ಅವಕಾಶವುಂಟೆಂದು ನಮ್ಮ ಅಭಿಪ್ರಾಯ.

೫

ಕರ್ತೃತ್ವವನ್ನು ಕಾಪಾಡಿದ ಗುರುತುಗಳನ್ನು ಈಗ ನೋಡೋಣ. ಅವುಗಳ ಸಾಮಾನ್ಯ ಲಕ್ಷಣವೆಂದರೆ, ವಸ್ತುವಿನಿಂದ ಬೇರ್ಪಡಿಸಲಾಗದಿರುವುದು. ಹೊಯ್ಸಳ ವಿಷ್ಣುವರ್ಧನನು ಈ ಸೀಮೆಯನ್ನು ಗೆದ್ದಮೇಲೆ ‘ನೊಣಂಬವಾಡಿಗೊಂಡ’ ಎಂಬ ಬಿರುದನ್ನು ಚಿನ್ನದ ನಾಣ್ಯದ ಮೇಲೆಯೇ ಒತ್ತಿಸಿದನು. ನಾಣ್ಯವನ್ನು ಕರಗಿಸದೆ ಆ ಹೆಸರನ್ನು ತೆಗೆಯಲಾಗದು. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನು ಕಂಡರಿಸಿದರು. ಕಲ್ಲನ್ನು ಒಡೆಯದೆ ಅದು ಹೋಗದು.

ಮಾತಿನ ಕೃತಿಯಲ್ಲಿ ಇದಕ್ಕೆ ಸಮನಾದುದು ಅಂಕಿತ. ವಚನಕಾರರೂ ಹರಿದಾಸರೂ ತಮ್ಮ ಹೆಸರನ್ನಿಡದೆ ಇಷ್ಟದೈವದ ಹೆಸರನ್ನು ಕೊನೆಯಲ್ಲಿ ಹೆಣೆದರು. ಇದು ಭಕ್ತಿಯ ಅರ್ಪಣೆ, ಹಕ್ಕಿನ ಘೋಷಣೆಯಲ್ಲ ಎಂಬುದು ನಿಜ. ಆದರೂ ಗುಹೇಶ್ವರನೆಂದರೆ ಅಲ್ಲಮನೆಂದೂ ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯೆಂದೂ ಕೇಳುವವರಿಗೆ ತಿಳಿಯುತ್ತಿದ್ದುದರಿಂದ ಅರ್ಪಣೆಯೇ ಸಾಕ್ಷ್ಯವೂ ಆಯಿತು. ದಾಸಪಂಥದಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯುವ ಪದ್ಧತಿಯಿರುವುದರಿಂದ, ಇಂಥ ಅಂಕಿತ ಇಂಥವರದೆಂಬುದಕ್ಕೆ ಪರಂಪರೆಯೇ ದಾಖಲೆಯ ಕಚೇರಿಯಂತಿತ್ತು.

ನಮ್ಮ ಸೀಮೆಯ ಉತ್ತಮ ನಿದರ್ಶನವೆಂದರೆ ಹರಪನಹಳ್ಳಿಯ ಭೀಮವ್ವನವರು (೧೮೨೩–೧೯೦೩). ಇವರ ಅಂಕಿತ ‘ಭೀಮೇಶಕೃಷ್ಣ’. ಇವರ ಕಥನಗೀತಗಳೂ ಆರತಿಯ ಹಾಡುಗಳೂ ಸಂಪ್ರದಾಯದ ಪದಗಳೂ ಬಹುಮಟ್ಟಿಗೆ ಹೆಂಗಸರ ಬಾಯಿಂದ ಬಾಯಿಗೆ ಬಂದವು. ಅಚ್ಚಿನ ಪುಟವೂ ಮುಖಪತ್ರವೂ ಇಲ್ಲದ ಆ ಪ್ರಸಾರದಲ್ಲಿ ಕರ್ತೃವಿನ ಹೆಸರು ಉಳಿದುಬಂದಿರುವುದು ಅಂಕಿತದ ಬಲದಿಂದಲೇ.

ಆದರೆ ಅಂಕಿತವನ್ನು ಬದಲಾಯಿಸಲು ಸಾಧ್ಯವಿರಲಿಲ್ಲವೆ? ಇತ್ತು, ಬದಲಾಗಿಯೂ ಇದೆ. ಒಂದೇ ಪದವು ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ಅಂಕಿತಗಳೊಡನೆ ದೊರೆಯುವುದನ್ನು ದಾಸಸಾಹಿತ್ಯದ ಸಂಪಾದಕರು ಬಲ್ಲರು. ಅಪ್ರಸಿದ್ಧರ ಪದವು ಪುರಂದರವಿಠಲನ ಹೆಸರಿಗೆ ಸೇರಿಹೋಗುವುದು ಅವಂತಿಸುಂದರಿಯ ಪಟ್ಟಿಗೆ ಅನುಗುಣವಾದ ಸಂಗತಿಯೇ. ಈ ಪಲ್ಲಟಕ್ಕೆ ಛಂದಸ್ಸು ಎಷ್ಟರಮಟ್ಟಿಗೆ ತಡೆಯೊಡ್ಡುತ್ತದೆ ಎಂಬುದನ್ನು ಪರೀಕ್ಷಿಸೋಣ.

ಮಾತ್ರೆಯ ಲೆಕ್ಕದಲ್ಲಿ ‘ಭೀಮೇಶಕೃಷ್ಣ’ ಎಂಬುದು ೮ ಮಾತ್ರೆ. ‘ಪುರಂದರವಿಠಲ’ ಎಂಬುದೂ ೮. ‘ಗೋಪಾಲವಿಠಲ’ ಎಂಬುದೂ ೮. ಮೂರೂ ನಾಲ್ಕು ನಾಲ್ಕು ಮಾತ್ರೆಯ ಎರಡು ಗಣಗಳಾಗಿ ಒಡೆಯುವುವು. ‘ವಿಜಯವಿಠಲ’ ೬, ‘ಜಗನ್ನಾಥವಿಠಲ’ ೯, ‘ಕಾಗಿನೆಲೆಯಾದಿಕೇಶವ’ ೧೨. ಆದಕಾರಣ ಭೀಮವ್ವನವರ ಪದದಲ್ಲಿ ವಿಜಯದಾಸರ ಅಂಕಿತವನ್ನು ಸೇರಿಸಿದರೆ ಗಣವು ಕೆಡುವುದು, ಅಥವಾ ರಾಗದಲ್ಲಿ ಎಳೆದು ತುಂಬಬೇಕಾಗುವುದು. ಪುರಂದರದಾಸರ ಅಂಕಿತವನ್ನು ಸೇರಿಸಿದರೆ ಮಾತ್ರಾಗಣವು ಕೆಡುವುದಿಲ್ಲ. ಮಾತ್ರೆಯೊಂದೇ ಕಾವಲಾಗಿದ್ದರೆ ಕಳವು ಸುಲಭವಾಗುತ್ತಿತ್ತು. ಇಲ್ಲಿ ನೆರವಿಗೆ ಬರುವುದು ಆದಿಪ್ರಾಸ. ಅಂಕಿತವು ಸಾಲಿನ ಆದಿಯಲ್ಲಿದ್ದರೆ ‘ಭೀಮೇಶ’ ಎಂಬಲ್ಲಿ ಪ್ರಾಸಾಕ್ಷರ ಮಕಾರ, ಅದರ ಹಿಂದಿನದು ಗುರು. ‘ಪುರಂದರ’ ಎಂಬಲ್ಲಿ ಪ್ರಾಸಾಕ್ಷರ ರೇಫ, ಹಿಂದಿನದು ಲಘು. ಜೊತೆಯ ಸಾಲುಗಳು ಮಕಾರದಿಂದ ನಡೆಯುತ್ತಿರುವಾಗ ಇಲ್ಲಿ ರೇಫವು ಬಂದರೆ ಕಳವು ತಾನಾಗಿಯೇ ಬಯಲಾ​ಗುವುದು. ಅಂಕಿತವು ಸಾಲಿನ ನಡುವೆಯೋ ಕೊನೆಯಲ್ಲಿಯೋ ಬಂದಿದ್ದರೆ ಈ ಕಾವಲೂ ಇಲ್ಲ. ಪದಗಳ ಕರ್ತೃನಿರ್ಣಯದಲ್ಲಿ ಸಂಪಾದಕರು ಅಂಕಿತದ ಹೆಸರನ್ನಷ್ಟೇ ನೋಡದೆ ಅದು ನಿಂತಿರುವ ಸ್ಥಾನವನ್ನೂ ನೋಡಬೇಕೆಂದು ಇದರಿಂದ ಸಿದ್ಧವಾಗುತ್ತದೆ.

ವಚನಗಳಿಗೆ ಛಂದಸ್ಸಿನ ಕಾವಲೂ ಇಲ್ಲ, ಪ್ರಾಸದ ಕಾವಲೂ ಇಲ್ಲ. ಅಲ್ಲಿ ಓದುಗರೇ ಕಾವಲುಗಾರರು. ಇದಕ್ಕೆ ನಮ್ಮ ಕಾಲದ ಸಾಕ್ಷ್ಯವೊಂದಿದೆ. ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನದೀಪ್ತಿ’ ಎಂಬ ಸಂಕಲನದಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂಬುದನ್ನಿಟ್ಟರು. ೧೯೯೮ರಲ್ಲಿ ಕರ್ನಾಟಕ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಬದಲಾವಣೆಗೆ ಅವರು ಧಾರ್ಮಿಕವಾದ ಕಾರಣಗಳನ್ನು ಕೊಟ್ಟಿದ್ದರು. ಅವುಗಳ ಯುಕ್ತಾಯುಕ್ತತೆ ಇಲ್ಲಿ ಪ್ರಕೃತವಲ್ಲ. ಗಮನಿಸತಕ್ಕ ಅಂಶವೇನೆಂದರೆ, ಬಸವಣ್ಣನವರ ವಚನಗಳಿಗೆ ಇಂದು ಗ್ರಂಥಸ್ವಾಮ್ಯವೆಂಬುದಿಲ್ಲ. ವ್ಯಾಜ್ಯವು ಜನರ ಧಾರ್ಮಿಕ ಭಾವನೆಯ ಆಧಾರದ ಮೇಲೆ ನಡೆಯಿತು. ಆಸ್ತಿಯ ಹಕ್ಕು ಇಲ್ಲದ ಸ್ಥಳದಲ್ಲಿಯೂ, ಎಂಟು ಶತಮಾನಗಳ ತರುವಾಯವೂ, ಅಂಕಿತಕ್ಕೆ ಕೈಹಚ್ಚಿದೊಡನೆ ಅದನ್ನು ಗುರುತಿಸಿದ ಸಮಾಜವೊಂದಿತ್ತು.

೬

ಅಚ್ಚಿನ ಯುಗದಲ್ಲಿ ಗುರುತು ಕೃತಿಯ ಒಡಲಿನಿಂದ ಹೊರಕ್ಕೆ ಬಂದು ಮುಖಪತ್ರದಲ್ಲಿ ಕುಳಿತಿತು. ೧೮೬೭ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿಯ ಕಾಯಿದೆ, ೧೯೧೪ರ ಗ್ರಂಥಸ್ವಾಮ್ಯದ ಕಾಯಿದೆ, ಸ್ವತಂತ್ರ ಭಾರತದ ೧೯೫೭ರ ಕಾಯಿದೆ ಇವು ಕ್ರಮವಾಗಿ ಬಂದುವು. ಸಹಿಯಿಲ್ಲದ ಪ್ರತಿಯು ಕಳವಿನದೆಂದು ಎಣಿಸತಕ್ಕದ್ದೆಂಬ ಸೂಚನೆಯೊಡನೆ ಗ್ರಂಥಕರ್ತರು ಪ್ರತಿಯೊಂದು ಪ್ರತಿಗೂ ಸಹಿಮಾಡುತ್ತಿದ್ದ ರೂಢಿಯನ್ನು ಹಳೆಯ ಪುಸ್ತಕಗಳನ್ನು ಕಂಡವರು ಬಲ್ಲರು. ಪುಟವು ಹರಿದರೆ ಗುರುತೂ ಹೋಯಿತು. ಆದರೂ ಪುಸ್ತಕವು ಒಂದು ಕಟ್ಟಾಗಿದ್ದುದರಿಂದ ಗುರುತು ಅಷ್ಟು ಸುಲಭವಾಗಿ ಬೇರ್ಪಡುತ್ತಿರಲಿಲ್ಲ.

ಜಾಲದ ಪೇಟೆಯಲ್ಲಿ ಈ ಕಟ್ಟು ಬಿಚ್ಚಿಹೋಗಿದೆ. ೨೦೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಸಂಸ್ಥೆಯು ವಾಟ್ಸಾಪಿನ ಪರಿಚಯಗಳ ಮೂಲಕವೇ ಸರಕನ್ನು ಮಾರುವ ದಾರಿಯನ್ನು ಗೃಹಿಣಿಯರಿಗೂ ತೆರೆಯಿತು. ಉಚ್ಚಂಗಮ್ಮನ ಜಾತ್ರೆಯಲ್ಲಿಯೂ ಕೊಟ್ಟೂರೇಶ್ವರನ ತೇರಿನಲ್ಲಿಯೂ ಮೈಲಾರದ ಪರಿಷೆಯಲ್ಲಿಯೂ ನಡೆಯುವ ವ್ಯಾಪಾರದಂತೆ ಇದೂ ಪರಿಚಯ ವಿಶ್ವಾಸಗಳ ಮೇಲೆ ನಡೆಯುತ್ತದೆ; ಇಂತಹ ವ್ಯಾಪಾರದಿಂದ ಅನೇಕರಿಗೆ ಜೀವನೋಪಾಯವು ದೊರೆತಿರುವುದನ್ನು ಅಲ್ಲಗಳೆಯಲಾಗದು. ಆದರೆ ಜಾತ್ರೆಯಲ್ಲಿ ಮಾರುವವನೂ ವಸ್ತುವೂ ಎದುರಿಗಿರುವರು. ಜಾಲದಲ್ಲಿ ಎದುರಿಗಿರುವುದು ಚಿತ್ರ ಮಾತ್ರ. ಚಿತ್ರವನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಅಂಗಡಿಯಲ್ಲಿ ತೂಗುಹಾಕಬಹುದು. ಪರಿಚಯವು ಕೊನೆಯ ಮಾರಾಟಗಾರನವರೆಗೆ ಮಾತ್ರ. ಅವನ ಹಿಂದೆ ಮಾಡಿದವರು ಯಾರೆಂಬುದು ಕೊಳ್ಳುವವರಿಗೆ ಕಾಣದು.

ಇದರ ಪರಿಣಾಮವನ್ನು ಮೊದಲು ಹಾಡಿನಲ್ಲಿ ನೋಡೋಣ. ಭೀಮವ್ವನವರು ೧೯೦೩ರಲ್ಲಿಯೇ ಗತಿಸಿದ್ದಾರೆ. ಗ್ರಂಥಸ್ವಾಮ್ಯವು ಕರ್ತೃವಿನ ಮರಣಾನಂತರ ೬೦ ವರ್ಷಗಳವರೆಗೆ ಮಾತ್ರ ಇರುವುದರಿಂದ ಅವರ ಪದಗಳು ಇಂದು ಎಲ್ಲರವು. ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಹಾಡಿದ ಹೆಣ್ಣುಮಗಳ ಕಂಠಕ್ಕೆ ಕಾಯಿದೆಯಲ್ಲಿ ೫೦ ವರ್ಷಗಳ ಪ್ರದರ್ಶಕರ ಹಕ್ಕುಂಟು. ಆಕೆಯ ಧ್ವನಿಯನ್ನು ಮತ್ತೊಬ್ಬನು ಎತ್ತಿಕೊಂಡು ತನ್ನ ಸರಕಿನ ಜಾಹೀರಾತಿಗೆ ಹಿನ್ನೆಲೆಯಾಗಿ ಬಳಸಿದರೆ ಅದು ಅಪರಾಧವೇ. ಇದಕ್ಕಿಂತ ಸೂಕ್ಷ್ಮವಾದ ನಷ್ಟವೊಂದುಂಟು. ಜಾಲದ ತುಣುಕುಗಳು ಬಹುಮಟ್ಟಿಗೆ ಚಿಕ್ಕವು. ಪಲ್ಲವಿಯೂ ಒಂದು ನುಡಿಯೂ ಸೇರಿದರೆ ಅಷ್ಟು ಕಾಲವು ತುಂಬಿಹೋಗುತ್ತದೆ. ಆಗ ಮೊದಲು ಬಿದ್ದುಹೋಗುವುದು ಕೊನೆಯ ನುಡಿ; ಅಂಕಿತವಿರುವುದು ಅಲ್ಲಿಯೇ. ಇನ್ನೂರು ವರ್ಷಗಳಾಗುತ್ತ ಬಂದರೂ ಹೆಂಗಸರ ಬಾಯಿಯಲ್ಲಿ ಉಳಿದ ಹೆಸರು ಯಾರ ದುರುದ್ದೇಶವೂ ಇಲ್ಲದೆ, ಕೇವಲ ಅಳತೆಯ ಕತ್ತರಿಯಿಂದ ಅಳಿಸಿಹೋಗಬಹುದು. ಕದಿಯುವವನೇ ಇಲ್ಲದ ಕಳವು ಇದು.

ಎರಡನೆಯದು ಕಸೂತಿ. ಉಚ್ಚಂಗಿದುರ್ಗದ ಸುತ್ತಲಿನ ಹರಪನಹಳ್ಳಿ ಕೂಡ್ಲಿಗಿ ಸೀಮೆಗಳಲ್ಲಿ ಲಂಬಾಣಿ ತಾಂಡಾಗಳು ಹಲವಾಗಿರುವುವು. ಕನ್ನಡಿಯ ಚೂರು, ಕವಡೆ, ಬಣ್ಣದ ದಾರಗಳಿಂದ ಕೂಡಿದ ಅವರ ಹೊಲಿಗೆಯು ಪಕ್ಕದ ಸಂಡೂರಿನ ಹೆಸರಿನಲ್ಲಿ ೨೦೧೦ರಲ್ಲಿ ಭೌಗೋಳಿಕ ಸೂಚಕವಾಗಿ ದಾಖಲಾಯಿತು. ಜನರು ಜಿ.ಐ. ಟ್ಯಾಗ್ ಎಂದು ಕರೆಯುವುದು ಇದನ್ನೇ. ೨೦೨೩ರ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಜಿ-೨೦ ಸಭೆ ಸೇರಿದಾಗ, ೪೫೦ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಸಿದ್ಧಪಡಿಸಿದ ೧,೭೫೫ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಹಡಗಲಿಯ ಮಲ್ಲಿಗೆಯು ಇದಕ್ಕೂ ಮೊದಲೇ, ೨೦೦೭–೦೮ರ ಸಾಲಿನಲ್ಲಿ, ಮೈಸೂರು ಉಡುಪಿಗಳ ಮಲ್ಲಿಗೆಗಳೊಡನೆ ದಾಖಲಾಗಿತ್ತು. ಶಾಸನಗಳಲ್ಲಿ ಆ ಊರಿನ ಹೆಸರು ‘ಪೂವಿನ ಪಡಂಗಿಲೆ’ ಎಂದಿರುವುದನ್ನು ನೋಡಿದರೆ ಹೂವಿಗೂ ಊರಿಗೂ ಇರುವ ನಂಟು ದಾಖಲೆಯ ಕಚೇರಿಗಿಂತ ಬಹಳ ಹಳೆಯದೆಂದು ವ್ಯಕ್ತವಾಗುತ್ತದೆ.

ಆದರೆ ಈ ದಾಖಲೆಯು ಕಾಪಾಡುವುದು ಹೆಸರನ್ನು ಮಾತ್ರ. ಯಂತ್ರದಲ್ಲಿ ಅಚ್ಚೊತ್ತಿದ ಬಟ್ಟೆಯನ್ನು ‘ಸಂಡೂರು ಲಂಬಾಣಿ ಕಸೂತಿ’ ಎಂದು ಮಾರಿದರೆ ಅದು ಹತ್ತಿಯನ್ನು ರೇಷ್ಮೆಯೆಂದ ವಿಜ್ಞಾನೇಶ್ವರನ ಉದಾಹರಣೆಯೇ ಆಗುವುದು; ಕಾಯಿದೆಯು ಅದನ್ನು ದಂಡಿಸುತ್ತದೆ. ಅದೇ ವಿನ್ಯಾಸವನ್ನು ಹೆಸರಿಲ್ಲದೆ ನಕಲುಮಾಡಿ ತನ್ನ ಅಂಗಡಿಯ ಹೆಸರಿನಿಂದ ಮಾರಿದರೆ ಭೌಗೋಳಿಕ ಸೂಚಕದ ಕಾಯಿದೆಯು ಸುಮ್ಮನಿರುವುದು. ೨೦೦೦ದ ವಿನ್ಯಾಸಗಳ ಕಾಯಿದೆಯಲ್ಲಿ ಹೊಸದಾದ ವಿನ್ಯಾಸಕ್ಕೆ ಮಾತ್ರ ರಕ್ಷಣೆ. ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು ಹೊಸದಲ್ಲ. ಹೀಗೆ ಪರರ ಹೆಸರಿನ ಕಳವಿಗೆ ತಡೆಯುಂಟು. ಪರರ ವಸ್ತುವಿನ ಕಳವಿಗೆ, ಆ ವಸ್ತುವು ಒಂದು ಸಮುದಾಯದ ಪಿತ್ರಾರ್ಜಿತವಾಗಿದ್ದರೆ, ತಡೆಯು ಬಹುಮಟ್ಟಿಗೆ ಇಲ್ಲ.

ಇರುವ ತಡೆಯಲ್ಲಿಯೂ ಎರಡು ಕೊರತೆಗಳು ಕಾಣುತ್ತವೆ. ೨೦೧೩ರ ಗ್ರಂಥಸ್ವಾಮ್ಯದ ನಿಯಮಗಳ ಪ್ರಕಾರ, ಹಕ್ಕುದಾರನು ಲಿಖಿತವಾಗಿ ದೂರಿದರೆ ಜಾಲದ ಮಧ್ಯವರ್ತಿಯು ೩೬ ಗಂಟೆಗಳೊಳಗಾಗಿ ಆ ವಸ್ತುವನ್ನು ಮರೆಮಾಡಬೇಕು. ೨೧ ದಿನಗಳೊಳಗೆ ನ್ಯಾಯಾಲಯದ ಆಜ್ಞೆಯನ್ನು ತಂದೊಪ್ಪಿಸದಿದ್ದರೆ ಅದನ್ನು ಮತ್ತೆ ತೋರಿಸಬಹುದು. ತಾಂಡಾದಿಂದಲೋ ಹಳ್ಳಿಯಿಂದಲೋ ಬಂದ ಹೆಣ್ಣುಮಗಳೊಬ್ಬಳು ೨೧ ದಿನಗಳಲ್ಲಿ ನ್ಯಾಯಾಲಯದ ಆಜ್ಞೆಯನ್ನು ಪಡೆಯುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ. ಎರಡನೆಯದಾಗಿ, ೨೦೨೦ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು, ಪದೇ ಪದೇ ತೆಗೆದುಹಾಕಲ್ಪಟ್ಟ ಸರಕನ್ನು ಮಾರುವವರ ವಿವರಗಳನ್ನು ಪೇಟೆಯ ಸಂಸ್ಥೆಗಳು ಬರೆದಿಡಬೇಕೆಂದು ವಿಧಿಸುವಾಗ ಗ್ರಂಥಸ್ವಾಮ್ಯ, ವ್ಯಾಪಾರಮುದ್ರೆ, ಮಾಹಿತಿ ತಂತ್ರಜ್ಞಾನ ಎಂಬ ಮೂರು ಕಾಯಿದೆಗಳನ್ನು ಹೆಸರಿಸಿವೆ. ೧೯೯೯ರ ಭೌಗೋಳಿಕ ಸೂಚಕಗಳ ಕಾಯಿದೆಯು ಆ ಸಾಲಿನಲ್ಲಿಲ್ಲ. ದೊಡ್ಡ ಸಂಸ್ಥೆಗಳ ಮುದ್ರೆಗೆ ಕಾವಲು ಬರೆದಿದೆ. ಹಡಗಲಿಯ ಮಲ್ಲಿಗೆಗೂ ತಾಂಡಾದ ಸೂಜಿಗೂ ಆ ಕಾವಲು ಬರೆದಿಲ್ಲ.

೭

ಮೇಲಿನ ವಿಚಾರದಿಂದ ಫಲಿಸುವ ಅಂಶಗಳನ್ನು ಸಂಗ್ರಹಿಸಬಹುದು. ನಮ್ಮ ಪೂರ್ವಿಕರಲ್ಲಿ ಕೃತಿಸ್ವತ್ವವೆಂಬ ಭಾವನೆಯಿರಲಿಲ್ಲವೆಂದು ಹೇಳುವವರು ಕರ್ತೃತ್ವದ ರಕ್ಷಣೆಯನ್ನು ಮರೆತಿದ್ದಾರೆ. ಕಲ್ಯಾಣದ ಒಂದೇ ಆಸ್ಥಾನದಲ್ಲಿ ಕವಿಯು ಕೃತಿಯ ಕಳವನ್ನೂ, ಧರ್ಮಶಾಸ್ತ್ರಜ್ಞನು ಹೆಸರಿನ ಕಳವನ್ನೂ ವಿಚಾರಮಾಡಿದ್ದರು. ಎರಡನೆಯದಕ್ಕೆ ಎಂಟರಷ್ಟು ದಂಡವೂ ಸ್ಮೃತಿಯಲ್ಲಿತ್ತು. ಮೊದಲನೆಯದಕ್ಕೆ ದಂಡವಿರಲಿಲ್ಲ, ಅದರ ಸ್ಥಾನದಲ್ಲಿ ಅಂಕಿತವೂ, ಪ್ರಾಸವೂ, ಕೇಳುವವರ ನೆನಪೂ ಇದ್ದುವು. ಇಂದು ಕಾಯಿದೆಯು ಬಲವಾಗಿದೆ, ನೆನಪು ದುರ್ಬಲವಾಗಿದೆ. ಕಾಯಿದೆಯೊಂದರಿಂದಲೇ ಕೆಲಸ ನಡೆಯದೆಂಬುದು ಭೀಮವ್ವನವರ ಕೊನೆಯ ನುಡಿಯಿಂದ ತಿಳಿಯುತ್ತದೆ. ನೆನಪೊಂದರಿಂದಲೇ ನಡೆಯದೆಂಬುದು ತಾಂಡಾದ ಕಸೂತಿಯಿಂದ ತಿಳಿಯುತ್ತದೆ.

ಸರ್ಕಾರವು ಮಾಡತಕ್ಕದ್ದು ಸ್ಪಷ್ಟ. ೨೦೨೦ರ ನಿಯಮಗಳಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆಯನ್ನೂ ಸೇರಿಸಬೇಕು. ಸಮುದಾಯದ ವಿನ್ಯಾಸಗಳಿಗೆ ಪ್ರತ್ಯೇಕವಾದ ರಕ್ಷಣೆಯನ್ನು ಕಲ್ಪಿಸಬೇಕು. ಭಾಷಾಸಾಹಿತ್ಯಗಳ ಅಧ್ಯಾಪಕರು ಮಾಡತಕ್ಕದ್ದೂ ಉಂಟು. ಪದಗಳನ್ನು ಪಾಠ ಹೇಳುವಾಗಲೂ ಹಾಡಿಸುವಾಗಲೂ ಅಂಕಿತದ ನುಡಿಯನ್ನು ಬಿಡದಿರಬೇಕು; ತುಣುಕೊಂದನ್ನೇ ಹಾಡುವುದಾದರೆ ಪಲ್ಲವಿಯೊಡನೆ ಕೊನೆಯ ನುಡಿಯನ್ನು ಹಾಡಿಸಬೇಕು. ಭೀಮವ್ವನವರ ಪದಗಳ ಸಂಪಾದನೆಯಲ್ಲಿ ಪಾಠಾಂತರಗಳ ಜೊತೆಗೆ ಅಂಕಿತಾಂತರಗಳನ್ನೂ, ಅಂಕಿತದ ಸ್ಥಾನವನ್ನೂ ಗುರುತುಮಾಡಬೇಕು. ಲಂಬಾಣಿ ಹೊಲಿಗೆಯ ಬಗೆಗಳನ್ನು ಅವರ ಭಾಷೆಯ ಹೆಸರುಗಳೊಡನೆ, ಹೊಲಿದ ಊರಿನ ಉಲ್ಲೇಖದೊಡನೆ ದಾಖಲಿಸಿದರೆ, ನಾಳೆ ಇದು ಯಾರದೆಂಬ ಪ್ರಶ್ನೆ ಬಂದಾಗ ಆ ಬರಹವೇ ಸಾಕ್ಷಿಯಾಗುವುದು.

ಅವಂತಿಸುಂದರಿಯು ಎಣಿಸಿದ ಕಾರಣಗಳಲ್ಲಿ ಬಲ್ಲವರು ಯಾರೂ ಉಳಿದಿಲ್ಲವೆಂಬುದೇ ಅತ್ಯಂತ ಭಯಂಕರವಾದುದು. ಮಿಕ್ಕ ಕಾರಣಗಳನ್ನು ನ್ಯಾಯಾಲಯವು ನಿವಾರಿಸಬಹುದು. ಇದೊಂದನ್ನು ವಿದ್ವಾಂಸರೇ ನಿವಾರಿಸಬೇಕು. ಈ ಸೀಮೆಯ ಹಸ್ತಪ್ರತಿಗಳನ್ನೂ ಹಾಡುಗಾರ್ತಿಯರನ್ನೂ ಬಲ್ಲವರು ಅಂಕಿತಪಲ್ಲಟದ ಮತ್ತಷ್ಟು ನಿದರ್ಶನಗಳನ್ನು ಕಂಡುಹಿಡಿದು, ಇಲ್ಲಿ ಹೇಳಿದ ಪ್ರಾಸದ ಪರೀಕ್ಷೆಯನ್ನು ಅವುಗಳಿಗೆ ಹಚ್ಚಿ, ಅದರ ಬಲಾಬಲಗಳನ್ನು ಪ್ರಕಟಪಡಿಸಬೇಕಾಗಿ ಪ್ರಾರ್ಥನೆ.